ವ್ಯಸನ ಬಿಟ್ಟ ಮಗ ಮತ್ತು ಮಿದುಳಿನ ಚಿತ್ರ
(ಪೀಣ್ಯದ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಅಮಲು ನಿಷಿದ್ಧವೆಂದು ನಾವು ಸಾಕಷ್ಟು ಉಪದೇಶಿಸಿದ್ದೇವೆ. ಆದರೆ ಅದನ್ನು ಬಿಡಲು ಹೊರಟ ಹುಡುಗನೊಂದಿಗೆ ಹೇಗೆ ವರ್ತಿಸಬೇಕೆಂದು ಕಲಿತಿದ್ದೇವೆಯೇ?

2019ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 2.26 ಕೋಟಿ ಮಂದಿ ಅಫೀಮು ವರ್ಗದ ಪದಾರ್ಥಗಳನ್ನು ಬಳಸುತ್ತಿದ್ದರು. ಹೆರಾಯಿನ್ ಮಾತ್ರವಲ್ಲ, ಔಷಧದಂಗಡಿಯ ಕೆಲವು ನೋವಿನ ಮಾತ್ರೆಗಳೂ ಈ ವರ್ಗಕ್ಕೆ ಸೇರಿವೆ. 2018ರಲ್ಲಿ ಟ್ರಮಡಾಲನ್ನು ಮಾದಕ ದ್ರವ್ಯ ಕಾನೂನಿನ ವ್ಯಾಪ್ತಿಗೆ ತರಲಾಯಿತು. ಟ್ಯಾಪೆಂಟಡಾಲ್ ಎಂಬ ಮಾತ್ರೆಯ ವ್ಯಸನವನ್ನು ನಮ್ಮ ನಿಮ್ಹಾನ್ಸ್‌ನ ವೈದ್ಯರೇ ದಾಖಲಿಸಿದ್ದಾರೆ.

ಇಂತಹ ಮಾತ್ರೆ ನಿಂತಾಗ ಮೈಕೈ ನೋವು, ಭೇದಿ, ಬೆವರು, ನಿದ್ರಾಹೀನತೆ ಕಾಡುತ್ತವೆ. ಮಿದುಳಿನ ಕಾಂಡದಲ್ಲಿ ದೇಹವನ್ನು ಎಚ್ಚರವಾಗಿಡುವ ಪುಟ್ಟ ಭಾಗವೊಂದಿದೆ. ಅಮಲು ಅದನ್ನು ಅದುಮಿಟ್ಟಿರುತ್ತದೆ. ಅಮಲು ನಿಂತೊಡನೆ ಅದು ಕಟ್ಟೆಯೊಡೆದಂತೆ ಕೆರಳುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಈ ಯಾತನೆ ತಗ್ಗುತ್ತದೆ. ‘ಮಗ ಗುಣವಾದ’ ಎಂದು ನಾವು ನೆಮ್ಮದಿಪಡುತ್ತೇವೆ.

ಮಿದುಳಿನ ಚಿತ್ರಗಳು ಬೇರೆಯೇ ಹೇಳುತ್ತವೆ. ಪೆಟ್ ಸ್ಕ್ಯಾನ್ ಅಧ್ಯಯನಗಳಲ್ಲಿ, ಸಂತೋಷ ಮತ್ತು ಹುಮ್ಮಸ್ಸಿಗೆ ಸಂಬಂಧಿಸಿದ ಡೋಪಮಿನ್ ಗ್ರಾಹಕಗಳು ಇಂತಹ ವ್ಯಸನಿಗಳಲ್ಲಿ ಕಡಿಮೆ ಕಂಡುಬಂದಿವೆ. ರಕ್ತದ ಆಮ್ಲಜನಕದ ಏರಿಳಿತವನ್ನು ಅಳೆಯುವ ಎಫ್‌ಎಂಆರ್‌ಐಯಲ್ಲಿ, ವಾರಗಟ್ಟಲೆ ಅಮಲು ಮುಟ್ಟದವರ ಮಿದುಳೂ ಅದರ ಚಿತ್ರ ಕಂಡಾಗ ಕೆರಳಿದೆ. ಅಂದರೆ ಮೈ ಸುಧಾರಿಸಿದರೂ ಮಿದುಳು ಇನ್ನೂ ಚೇತರಿಸುತ್ತಿರುತ್ತದೆ. ಅವನ ಮಂಕುತನ ಸೋಮಾರಿತನವಲ್ಲ. ಅವನ ಚಡಪಡಿಕೆ ಧಿಕ್ಕಾರವೂ ಅಲ್ಲ.

ಒಂದು ಎಚ್ಚರಿಕೆ: ಇವು ಗುಂಪುಗಳನ್ನು ಹೋಲಿಸಿದ ಸಂಶೋಧನೆಗಳು. ಒಬ್ಬನ ಸ್ಕ್ಯಾನ್ ನೋಡಿ ವ್ಯಸನವನ್ನು ನಿರ್ಧರಿಸಲಾಗದು. ಚಿಕಿತ್ಸೆ ಆರಂಭಿಸಲು ಅದರ ಅಗತ್ಯವೂ ಇಲ್ಲ.

ಅತಿ ದೊಡ್ಡ ಅಪಾಯ ಇನ್ನೊಂದಿದೆ. ಬಿಟ್ಟ ಬಳಿಕ ಅಮಲನ್ನು ತಾಳಿಕೊಳ್ಳುವ ಶಕ್ತಿ ಕುಗ್ಗಿರುತ್ತದೆ. ಅವನು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಕೋಣೆಯಲ್ಲಿ ಕೂಡಿಹಾಕಿ ‘ಬಿಡಿಸುವವರು’ ಇದನ್ನು ಅರಿತಿರಬೇಕು.

ವೈದ್ಯರು ಕೊಡುವ ಬುಪ್ರೆನಾರ್ಫಿನ್ ಅದೇ ಗ್ರಾಹಕಗಳ ಮೇಲೆ ಮಿತವಾಗಿ ಕೆಲಸ ಮಾಡಿ ಹಂಬಲವನ್ನು ತಗ್ಗಿಸುತ್ತದೆ. ‘ಒಂದು ಅಮಲಿನ ಬದಲು ಇನ್ನೊಂದು’ ಎಂದು ಅದನ್ನು ಕಸಿದುಕೊಳ್ಳುವುದು ಧರ್ಮನಿಷ್ಠೆಯಲ್ಲ, ಅಜ್ಞಾನ.

ಎಲೆಕ್ಟ್ರಾನಿಕ್ ಸಿಟಿಗೆ ಸಾಗುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ಸರಕಾರದ ಉಚಿತ ಸಹಾಯವಾಣಿ. ಮಾನಕ್ಕೆ ಅಂಜಿ ಮೊಹಲ್ಲಾದಿಂದ ಮಗನನ್ನು ಬಚ್ಚಿಡುವ ಬದಲು, ಅವನ ಕೈಹಿಡಿದು ಅಲ್ಲಿಗೆ ನಡೆಯೋಣ.