ನಮ್ಮ ಪಾಠ ಒಪ್ಪೋರು ಯಾರು?



2021ರಲ್ಲಿ ಹೊಸ ಶಿಕ್ಷಣ ನೀತಿ ಬಂತು. ಡಿಗ್ರಿಯವರು ಮುಕ್ತ ಐಚ್ಛಿಕ ವಿಷಯ ಆರಿಸಿಕೊಳ್ಳಿ ಅಂದರು. ಮಾಸ್ತರರೇ ಇಲ್ಲದಲ್ಲಿ ಆರಿಸೋದೇನು? ಇದ್ದೊಂದಕ್ಕೆ ಹೆಸರು ಬರೆಸಿದೆವು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಡಿಗ್ರಿಗೆ ಮರಳಿತು. ಎರಡು ಸಲವೂ ನಮ್ಮನ್ನು ಕೇಳಿದವರಿಲ್ಲ.

ಪಠ್ಯಕ್ರಮ ಆಕಾಶದಿಂದ ಬೀಳೋದಿಲ್ಲ. ಅಧ್ಯಯನ ಮಂಡಳಿ ಬರೀತದ, ವಿದ್ಯಾವಿಷಯಕ ಪರಿಷತ್ತು ಒಪ್ಪತದ. ಆ ಕುರ್ಚಿಗಳ ಮೇಲೆ ಕೂತವರು ಯಾರು ಅಂತ ನಾವು ಕೇಳಬೇಕು.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಸಿಕ್ಕಿತು. ಸಣ್ಣವರೂ ಮೇಲೇರಬಹುದು ಅಂತ ಆ ಶಾಸನ ಸಾರತದ. ಸಿಂಧನೂರಿನ ಎಡದಂಡೆ ಕಾಲುವೆ, ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ, ಅಲ್ಲಿ ದುಡಿದ ಕೈಗಳು, ಇವೆಲ್ಲ ಬಿಕಾಂ, ಬಿಎಸ್ಸಿಯವರಿಗೂ ಪಾಠವಾಗಲಿ.

ಮೂರೂ ಊರಿನ ಹಾಸ್ಟೆಲಿನವರು ಅರ್ಜಿ ಬರೆದು, ಸಹಿ ಹಾಕಿ, ಮಂಡಳಿಗೆ ಮುಟ್ಟಿಸೋಣ.

ಜೈಭೀಮ್.