ಇಳಕಲ್ ನೂಲಿಗೆ ಬಣ್ಣದ ಅಳತೆ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸಾಂಪ್ರದಾಯಿಕ ಸೆರಗು ರೇಷ್ಮೆಯದೇ. ಎರಡೂ ಹಾಸುಗಳ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ಜಾಗದಲ್ಲಿ ದಡಿಯ ಕೆಂಪು ಮತ್ತು ಸೆರಗಿನ ಕೆಂಪು ಒಂದರ ಪಕ್ಕ ಒಂದು ಬರುತ್ತವೆ. ಬೇರೆ ಬೇರೆ ದಿನ ಅದ್ದಿದ ಲಡಿಗಳಲ್ಲಿ ಬಣ್ಣ ತುಸು ಹೆಚ್ಚುಕಡಿಮೆಯಾಗಿದ್ದರೂ ಸೀರೆಯ ಮಡಿಕೆ ಬಿಚ್ಚಿದೊಡನೆ ಕಣ್ಣಿಗೆ ಬೀಳುತ್ತದೆ. ಈ ಸೀರೆಗೆ ಗುಳೇದಗುಡ್ಡದ ರವಿಕೆಯ ಖಣವನ್ನೂ ಹೊಂದಿಸಿ ಉಡುವ ರೂಢಿ ಇರುವುದರಿಂದ ಬಣ್ಣದ ಲೆಕ್ಕ ಒಂದೇ ಊರಿಗೆ ಮುಗಿಯುವುದಿಲ್ಲ.

ಬಣ್ಣವನ್ನು ನೂಲಿನ ತೂಕದ ಮೇಲೆ ಶೇಕಡಾವಾರು ಹಾಕಲಾಗುತ್ತದೆ. 5 ಕಿಲೋ ನೂಲಿಗೆ ಶೇ. 2ರ ಛಾಯೆ ಎಂದರೆ 100 ಗ್ರಾಂ ಬಣ್ಣ. ಇಲ್ಲಿ ಚಮಚದ ಅಳತೆಯನ್ನು ನಂಬಲಾಗದು; ಒಂದು ಪುಡಿ ಹಗುರ, ಇನ್ನೊಂದು ಭಾರ, ಡಬ್ಬಿಯ ತಳದಲ್ಲಿ ಅದುಮಿ ಕೂತದ್ದು ಮತ್ತೂ ಭಾರ.

ನಿಜವಾದ ತೊಡಕು ಇರುವುದು ಬೆರಕೆಯ ಸಣ್ಣ ಪಾಲಿನಲ್ಲಿ. ದಾಳಿಂಬೆ ಕೆಂಪಿಗೆ ಗಾಢತೆ ತರಲು ಶೇ. 0.05ರಷ್ಟು ನೀಲಿ ಬೇಕಾಯಿತೆನ್ನಿ. 5 ಕಿಲೋ ನೂಲಿಗೆ ಅದು ಬರೀ 2.5 ಗ್ರಾಂ. ಒಂದೊಂದೇ ಗ್ರಾಂ ತೋರಿಸುವ ತಕ್ಕಡಿಯಲ್ಲಿ ಅರ್ಧ ಗ್ರಾಂ ತಪ್ಪಿದರೆ ನೀಲಿಯಲ್ಲಿ ಶೇ. 20ರ ವ್ಯತ್ಯಾಸ. ಅದರ ಬದಲು 50 ಗ್ರಾಂ ನೀಲಿಯನ್ನು ಕರಗಿಸಿ, ನೀರು ಸೇರಿಸಿ ಒಟ್ಟು 5 ಲೀಟರ್ ದ್ರಾವಣ ಮಾಡಿಕೊಂಡರೆ ಅದೇ ತಕ್ಕಡಿಯ ತಪ್ಪು ಶೇ. 1ಕ್ಕೆ ಇಳಿಯುತ್ತದೆ. ಆಮೇಲೆ ಬೇಕಾದ 2.5 ಗ್ರಾಂ ಎಂದರೆ 250 ಮಿಲಿಲೀಟರ್. ಗಾಜಿನ ಅಳತೆಪಾತ್ರೆಯಲ್ಲಿ ನಿರಾಯಾಸವಾಗಿ ಸಿಗುವ ಪ್ರಮಾಣ. ಸಣ್ಣ ಬಣ್ಣದಮನೆಗೆ ಇದಕ್ಕಿಂತ ಅಗ್ಗದ ಸುಧಾರಣೆ ಇಲ್ಲ.

ರೇಷ್ಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಹಸಿ ರೇಷ್ಮೆಯ ಅಂಟು ತೆಗೆದಾಗ ತೂಕದಲ್ಲಿ ಶೇ. 20ರಿಂದ 25ರಷ್ಟು ಹೋಗುತ್ತದೆ. 4 ಕಿಲೋ ಹಸಿ ರೇಷ್ಮೆ 3 ಕಿಲೋಗೆ ಇಳಿದಿರುವಾಗ ಹಳೆಯ ತೂಕದ ಮೇಲೆ ಶೇ. 2 ಹಿಡಿದರೆ 60 ಗ್ರಾಂ ಬೇಕಾದಲ್ಲಿ 80 ಗ್ರಾಂ ಬೀಳುತ್ತದೆ. ಹಾಗಾಗಿ ಅಂಟು ತೆಗೆದು ಒಣಗಿಸಿದ ಮೇಲಿನ ತೂಕವೇ ಲೆಕ್ಕಕ್ಕೆ ಆಧಾರ. ಮಳೆಗಾಲದಲ್ಲಿ ನೂಲು ತೇವ ಹೀರಿ ಭಾರವಾಗುವುದನ್ನೂ ಮರೆಯಬಾರದು.

ತೂಕ ಸರಿಯಾದರೂ ನೀರಿನ ಪ್ರಮಾಣ, ಉಪ್ಪು, ಬಿಸಿ, ಸಮಯ ಬದಲಾದರೆ ನೂಲು ಹಿಡಿಯುವ ಬಣ್ಣ ಬದಲಾಗುತ್ತದೆ. ಅದನ್ನು ಹೋಲಿಸಲು ಕಣ್ಣಿನ ಅಂದಾಜೂ ಸಾಲದು: ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಕೆಂಪು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದುಂಟು. ಪ್ರಯೋಗಾಲಯಗಳ ಸ್ಪೆಕ್ಟ್ರೋಫೋಟೋಮೀಟರ್ ಬಟ್ಟೆಯಿಂದ ಮರಳುವ ಬೆಳಕನ್ನೇ ಅಳೆಯುತ್ತದೆ. ಅದರಿಂದ ಬಣ್ಣದ ಪ್ರಮಾಣ ತಿಳಿಯುವ ಲೆಕ್ಕಕ್ಕೆ 1931ರ ಕುಬೆಲ್ಕಾ-ಮುಂಕ್ ಸಿದ್ಧಾಂತ ಬುನಾದಿ. ಆದರೆ ಅಳತೆ ಕೆಟ್ಟ ದ್ರಾವಣವನ್ನು ಯಂತ್ರ ಸರಿಪಡಿಸದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಪ್ರತಿ ಬಣ್ಣದಮನೆಯಲ್ಲೂ ಒಂದು ಪುಸ್ತಕ ಇರಬೇಕು: ಒಣ ನೂಲಿನ ತೂಕ, ಬಣ್ಣದ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಗ್ರಾಂ, ನೀರಿನ ಲೀಟರ್, ಪಕ್ಕದಲ್ಲಿ ಅದ್ದಿದ ನೂಲಿನ ಒಂದು ತುಣುಕು. ಆ ಪುಸ್ತಕಕ್ಕೆ ಎಲ್ಲರೂ ಒಪ್ಪುವ ಒಂದು ನಮೂನೆ ಸಿದ್ಧವಾಗಲಿ.