ಕಾದಂಬರಿ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು

ಪಂಪ ಮಹಾಕವಿ ವ್ಯಾಸರ ಕಥೆಯನ್ನೆತ್ತಿಕೊಂಡು ಕಾವ್ಯ ಕಟ್ಟಿದಾಗ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಇಂದು ನೀವು ಮೆಚ್ಚಿದ ಕಾದಂಬರಿಯೊಂದನ್ನು ಚಿತ್ರಕಥೆಯಾಗಿಸಲು ಹೊರಟರೆ ಮಾತೇ ಬೇರೆ.

ಅನಂತಮೂರ್ತಿಯವರ 'ಸಂಸ್ಕಾರ' 1970ರಲ್ಲಿ ಚಲನಚಿತ್ರವಾದಾಗ ಚಿತ್ರಕಥೆ ಬರೆದವರು ಗಿರೀಶ ಕಾರ್ನಾಡರು. ಇಂಥ ರೂಪಾಂತರವನ್ನು ಬರೆದವರಿಗೂ ತಮ್ಮ ಬರೆಹದ ಮೇಲೆ ಸ್ವಾಮ್ಯವುಂಟು. ಆದರೆ 1957ರ ಕೃತಿಸ್ವಾಮ್ಯ ಶಾಸನದಂತೆ, ಮೂಲ ಲೇಖಕರ ಕೃತಿಸ್ವಾಮ್ಯ ಇರುವವರೆಗೆ ಅವರ ಒಪ್ಪಿಗೆಯಿಲ್ಲದೆ ಆ ಕೆಲಸಕ್ಕೆ ಕೈಹಾಕುವಂತಿಲ್ಲ.

ಬಾಯಿಮಾತಿನ ಒಪ್ಪಿಗೆ ಸಾಲದು. ಬರೆಹ ಬೇಕು, ಸಹಿ ಬೇಕು. ಇಷ್ಟನ್ನು ಎಲ್ಲರೂ ಬಲ್ಲರು. ಎಡವುವುದು ಇದರ ಮುಂದೆ. ಕರಾರಿನಲ್ಲಿ ಅವಧಿಯನ್ನು ನಮೂದಿಸದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರವೆಂದು ಲೆಕ್ಕ. ಅಷ್ಟೇ ಅಲ್ಲ, ಬೇರೆ ರೀತಿಯಾಗಿ ಬರೆದುಕೊಂಡಿರದಿದ್ದರೆ, ಪಡೆದ ಹಕ್ಕನ್ನು 1 ವರ್ಷದೊಳಗೆ ಬಳಸದಿದ್ದಲ್ಲಿ ಅದು ತಾನಾಗಿಯೇ ತೀರಿಹೋಗುತ್ತದೆ. ನಿರ್ಮಾಪಕರಿಗಾಗಿ ಕಾಯುತ್ತ, ತಿದ್ದುತ್ತ ತೀಡುತ್ತ ಕುಳಿತವರಿಗೆ ವರ್ಷವೆಂಬುದು ಎಷ್ಟರ ಮಾತು! ಕಷ್ಟಪಟ್ಟು ಬರೆದ ಹಾಳೆಗಳು ಪೆಟ್ಟಿಗೆ ಸೇರಿಬಿಡುತ್ತವೆ. ಆದುದರಿಂದ ಮೊದಲ ದೃಶ್ಯ ಬರೆಯುವ ಮುನ್ನವೇ ಈ ಎರಡು ಸಾಲುಗಳನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಿ.

ನಿರ್ಮಾಪಕರೊಡನೆ ಮಾಡುವ ಕರಾರು ಬೇರೆಯೇ. ಅಲ್ಲಿ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಧನದಲ್ಲಿ ನಿಮಗೆ ಸಮಪಾಲುಂಟು. ಅದನ್ನು ನಿರ್ಮಾಪಕರಿಗೆ ಬಿಟ್ಟುಕೊಟ್ಟೆನೆಂದು ನೀವೇ ಸಹಿ ಹಾಕಿದ್ದರೂ, 2012ರ ತಿದ್ದುಪಡಿಯ ಪ್ರಕಾರ ಆ ಸಹಿ ಊರ್ಜಿತವಲ್ಲ.